ಬಾಬಾನ ಕಿವಿಗೊಂದು ಆಂಪ್ಲಿಫೈಯರ್

ಜೂನ್ 3, ಸೋಮವಾರ

ಶಾಲೆಯ ಲ್ಯಾಬ್‌ನಲ್ಲಿ ಬ್ಯೂರೆಟ್ ತೊಳೆದಿಟ್ಟು ನಾಲ್ಕಕ್ಕೆ ಮನೆಗೆ. ನಮ್ಮಪ್ಪ, ಬಾಬಾ, ಮತ್ತೆ ಹೆಡ್‌ಫೋನ್ ಕಿತ್ತು ಹಾಸಿಗೆ ಮೇಲೆ ಎಸೆದಿದ್ದಾರೆ. "ಸೊಳ್ಳೆ ಹಾಡಿದ ಹಾಗಿದೆ."

ತಪ್ಪು ಅವರದ್ದಲ್ಲ. ಮುಚ್ಚಿಹೋದ ಸ್ಟುಡಿಯೊದಿಂದ ನಾನೇ ತಂದ ಹೆಡ್‌ಫೋನ್, ಮುನ್ನೂರು ಓಮ್. ಅದನ್ನು ನಡೆಸುವ ಶಕ್ತಿ ಫೋನಿಗಿಲ್ಲ. ಬಾಬಾನ ಕಿವಿಯೂ ಅರ್ಧ ಹೋಗಿದೆ. ನಡುವೆ ಒಂದು ಆಂಪ್ಲಿಫೈಯರ್ ಬೇಕು. ಅಗ್ಗದ್ದು.

ಇಪ್ಪತ್ತೆರಡಕ್ಕೆ ರೇಡಿಯೊ ಕಾರ್ಯಕ್ರಮಕ್ಕೆ ಬಾಬಾನನ್ನು ಕರೆದಿದ್ದಾರೆ. ನಿರೂಪಕಿ ಲಿಲಿಯನ್ ಹಳೆ ಗ್ರಾಮಫೋನ್ ತಟ್ಟೆಯಿಂದ ಬಾಬಾನ ತಂಡದ ದೋಣಿಯ ಹಾಡನ್ನು ತೆಗೆದು ಫೋನಿಗೆ ಕಳಿಸಿದ್ದಾಳೆ. 1983ರದ್ದು. ಒಂದು ಕಾಲಕ್ಕೆ ಇಡೀ ಕಿಸುಮು ಊರು ಕುಣಿದದ್ದು ಅದರ ಲೀಡ್ ಗಿಟಾರಿಗೆ, ಅಂದರೆ ನಮ್ಮ ಬಾಬಾ ಓಡೋಯೊಗೆ. "ಅವರು ಮೊದಲು ಕೇಳಲಿ, ಆಮೇಲೆ ಮಾತು" ಅಂದಿದ್ದಾಳೆ. ಕೇಳಿದರೆ ತಾನೇ!

ಜೂನ್ 8, ಶನಿವಾರ

ಓಮೊಲ್ಲೊನ ಎಲೆಕ್ಟ್ರಾನಿಕ್ಸ್ ಅಂಗಡಿ. ಮುನ್ನೂರು ಓಮಿಗೆ ಎಷ್ಟು ಮಿಲಿವ್ಯಾಟ್ ಕೊಡುತ್ತೆ ಎಂದು ಕೇಳಿದೆ.

"ಮೇಡಂ, ಇದರಲ್ಲಿ ನೀಲಿ ಲೈಟ್ ಬರುತ್ತೆ."

"ಲೈಟ್ ಅಲ್ಲಪ್ಪಾ. ಪವರ್."

"ಪವರ್ ಇಲ್ದೆ ಲೈಟ್ ಹೆಂಗೆ ಬರುತ್ತೆ ಮೇಡಂ?"

ವಾದ ಮಾಡಿ ಪ್ರಯೋಜನವಿಲ್ಲ. ಬೆಂಕಿಪೆಟ್ಟಿಗೆಯಷ್ಟು ಗಾತ್ರದ್ದು, ಚಾರ್ಜ್ ಮಾಡುವಂಥದ್ದು, ತಂದೆ. ಸದ್ದು ಜೋರು, ನಿಜ. ಆದರೆ ಹಾಡಿನ ಹಿಂದೆ ಇಡೀ ಹೊತ್ತು ಸರ್ರ್ ಅನ್ನುತ್ತದೆ.

ಬಾಬಾ: "ಹಾಡು ಎಲ್ಲಿದೆ? ಯಾರೋ ಎಣ್ಣೇಲಿ ಒಮೆನ ಮೀನು ಕರೀತಿದ್ದಾರೆ."

ಸರಿಯಾಗೇ ಹೇಳಿದರು. ಅದೇ ಸಿಟ್ಟು.

ಜೂನ್ 13, ಗುರುವಾರ

ಓಮೊಲ್ಲೊ ಮೂರು ಸಲ ಅಲೆಸಿ ಕೊನೆಗೆ ಬದಲಾಯಿಸಿ ಕೊಟ್ಟ. ಈಗಿನದು ಕಬ್ಬಿಣದ ಡಬ್ಬಿ, ಕರೆಂಟಿನದ್ದು, ಅಡಾಪ್ಟರ್ ಇದೆ. ಇದಕ್ಕಿಂತ ಒಳ್ಳೆಯದೂ ಇತ್ತು. ಅದರ ಬೆಲೆಗೆ ನನ್ನ ತಿಂಗಳ ಸಂಬಳ ಕೊಟ್ಟು ಉಪವಾಸ ಕೂರಬೇಕು.

ಇದರಲ್ಲಿ ಸರ್ರ್ ಇಲ್ಲ. ಗುಂಯ್ ಇದೆ! ಕೈಯಲ್ಲಿ ಡಬ್ಬಿ ಮುಟ್ಟಿದರೆ ನಿಲ್ಲುತ್ತದೆ, ಬಿಟ್ಟರೆ ಶುರು. ಬಾಬಾನ ಪಕ್ಕ ಡಬ್ಬಿ ಹಿಡಿದುಕೊಂಡು ಕೂತೆ, ಹೆರಿಗೆ ಮನೆಯ ಆಯಾಳ ಹಾಗೆ.

"ಜೇನುಗೂಡು," ಎಂದು ಕಿತ್ತಿಟ್ಟರು.

ಜೂನ್ 14

ಲ್ಯಾಬ್‌ಗೆ ಒಯ್ದು ಹಾಕಿ ನೋಡಿದೆ. ಗುಂಯ್ ಇಲ್ಲ. ಆಂಪ್ಲಿಫೈಯರಿನ ದೋಷವಲ್ಲ, ನಮ್ಮ ಮನೆಯ ವೈರಿಂಗಿನದು — ಅರ್ಥಿಂಗೇ ಇಲ್ಲ. ಮನೆ ಮಾಲೀಕನಿಗೆ ಫೋನ್. "ಮೂವತ್ತು ವರ್ಷದಿಂದ ಬಲ್ಬ್ ಉರೀತಿಲ್ವಾ?" ಅಂದ. ಇವನೂ ಲೈಟಿನ ಪೈಕಿ.

ಜೂನ್ 18, ಮಂಗಳವಾರ

ಹೊಳೆಯಬೇಕಾದದ್ದು ಇಷ್ಟು ತಡವಾಗಿ ಹೊಳೆಯಿತು. ಅಡಾಪ್ಟರ್ ಕೊಡುವುದು ಹನ್ನೆರಡು ವೋಲ್ಟ್. ಲ್ಯಾಬಿನ ಹನ್ನೆರಡು ವೋಲ್ಟ್ ಬ್ಯಾಟರಿಯನ್ನು ಹೆಡ್‌ಮಿಸ್ಟ್ರೆಸ್‌ಗೆ ಹೇಳಿ ತಂದೆ. ಗೋಡೆಯ ಕರೆಂಟೇ ಬೇಡ.

ಮೊದಲು ನಾನೇ ಕೇಳಿದೆ. ದೇವರೇ. ತಂತಿ ಮೇಲೆ ಬೆರಳು ಜಾರುವುದೂ ಕೇಳುತ್ತದೆ. ಎಡಗಡೆ ಒಂದು ಗಿಟಾರ್, ಬಲಗಡೆ ಇನ್ನೊಂದು. ಹಾಡುವವನು ಉಸಿರು ಎಳೆದುಕೊಳ್ಳುವುದು.

ಬಾಬಾಗೆ ಹಾಕಿದೆ. ಅರ್ಧ ನಿಮಿಷ. ಕಿತ್ತರು. "ಜೇನುಗೂಡು."

"ಬಾಬಾ, ಗೋಡೆಯ ಕರೆಂಟಿಗೆ ಸಿಕ್ಕಿಸೇ ಇಲ್ಲ. ಯಾವ ಜೇನು?"

ನನಗೆ ರೇಗಿತು. ಹದಿನೈದು ದಿನ ಅಂಗಡಿ ಸುತ್ತಿದ್ದು, ಮಾಲೀಕನ ಹತ್ತಿರ ಹಲ್ಲು ಗಿಂಜಿದ್ದು, ಬ್ಯಾಟರಿ ಹೊತ್ತು ಬೋಡಾ ಬೈಕಿನ ಹಿಂದೆ ಕೂತದ್ದು, ಎಲ್ಲಾ ಕಕ್ಕಿದೆ. ಬೇಡವಾಗಿದ್ದರೆ ಮೊದಲೇ ಹೇಳಬಾರದಿತ್ತೇ?

ಬಾಬಾ ಹೆಡ್‌ಫೋನಿನ ವೈರು ಸುತ್ತುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, "ಬಲಗಡೇದು ನಂದು, ಮಗಳೇ. ಬರೀ ತಾಳ ಹಿಡಿಯೋದು. ಎಡಗಡೇದು ನಮ್ಮ ತಂಡದ ಓಗ್ವೆನೊನದು."

ಎಡಗಡೆಯದೇ ಲೀಡ್. ಜನ ಕುಣಿದದ್ದು ಅದಕ್ಕೇ.

"ತಟ್ಟೆ ಮೇಲೆ ಲೀಡ್ ಅಂತ ತಪ್ಪಾಗಿ ನನ್ನ ಹೆಸರು ಅಚ್ಚಾಯ್ತು. ಸರಿ ಮಾಡಿಸ್ತೀನಿ ಅಂದಿದ್ದೆ. ಜನ ಹೆಗಲ ಮೇಲೆ ಕೂರಿಸ್ಕೊಂಡ್ರು... ಅಷ್ಟೊತ್ತಿಗೆ ಅವನು ತನ್ನೂರು ಹೋಮಾ ಬೇಗೆ ವಾಪಸ್ ಹೋಗಿದ್ದ, ಬಲೆ ಹೆಣೆಯೋಕೆ. ಕಿವಿ ಮಂದ ಆದ್ಮೇಲೆ ಮರೆಯೋದು ಸುಲಭ ಆಯ್ತು."

ಜೂನ್ 19

ಇಡೀ ದಿನ ತಲೆನೋವು. ಚಿಕ್ಕಂದಿನಲ್ಲಿ ತರಗತಿಯಲ್ಲಿ ಎದ್ದುನಿಂತು ನಾನು ಓಡೋಯೊನ ಮಗಳು ಎಂದು ಹೇಳಿಕೊಂಡವಳು ನಾನು. ಒಮೆನ ಕರಿಯುವ ಆ ಡಬ್ಬಿಯನ್ನೇ ಇಟ್ಟುಕೊಂಡಿದ್ದರೆ...

ಸಂಜೆ ಹೇಳಿಯೂಬಿಟ್ಟೆ: "ರೇಡಿಯೊಗೆ ಹೋಗಿ ಮಾತಾಡಿ ಬನ್ನಿ ಬಾಬಾ. ಯಾರಿಗೂ ಗೊತ್ತಾಗಲ್ಲ."

"ಅವನಿಗೆ ಗೊತ್ತು."

ಹೇಳಿದ್ದಕ್ಕೆ ನನಗೇ ನಾಚಿಕೆ.

ಬಾಬಾ ನನ್ನ ಫೋನ್ ತೆಗೆದುಕೊಂಡು ಲಿಲಿಯನ್ ಜೊತೆ ಮಾತಾಡಿದರು. ಕಿವುಡರ ಮಾತು, ನೆರೆಮನೆಗೂ ಕೇಳಿರಬೇಕು. "ಇಬ್ಬರು ಬರ್ತೀವಿ. ಒಬ್ಬನೇ ಅಂದ್ರೆ ಬರಲ್ಲ."

ಜೂನ್ 21, ಶುಕ್ರವಾರ. ಹೋಮಾ ಬೇ, ಮಧ್ಯಾಹ್ನ 3

ಶಾಲೆಗೆ ರಜೆ ಹಾಕಿ ಬಂದೆ. ಮಟಾಟು ವ್ಯಾನಿನಲ್ಲಿ ದಾರಿಯುದ್ದಕ್ಕೂ ಬ್ಯಾಟರಿ ನನ್ನ ತೊಡೆ ಮೇಲೆ. ಬಾಬಾ ಕಿಟಕಿ ಕಡೆ ತಿರುಗಿ ತುಟಿ ಆಡಿಸುತ್ತಿದ್ದರು.

ಓಗ್ವೆನೊ ಮನೆ ಮುಂದೆ ಬಲೆ ಹೆಣೆಯುತ್ತಿದ್ದರು. ತಲೆ ಎತ್ತಲಿಲ್ಲ.

"ದಾರಿ ತಪ್ಪಿದ್ಯಾ, ಓಡೋಯೊ?"

"ತಪ್ಪಿದ್ದೆ. ನಲವತ್ತು ವರ್ಷ ಆಯ್ತು."

ಕ್ಷಮೆ ಕೇಳಲು ಬಾಬಾ ದಾರಿಯಲ್ಲೆಲ್ಲಾ ಮಾತು ಜೋಡಿಸಿಕೊಂಡಿದ್ದರೇನೋ. ಒಂದೂ ಬರಲಿಲ್ಲ. "ನಿನ್ನ ಹೆಸರು ತಿಂದೆ ಕಣೋ," ಅಂದರು, ಅಷ್ಟೇ. ಓಗ್ವೆನೊ ಇನ್ನೆರಡು ಗಂಟು ಹಾಕಿದರು. ಆಮೇಲೆ ನನ್ನ ಕೈಯ ಡಬ್ಬಿ ನೋಡಿ, "ಅದೇನು? ಹಾಕು ನೋಡೋಣ."

ಕಣ್ಣು ಮುಚ್ಚಿ ಇಡೀ ಹಾಡು ಕೇಳಿದರು. ಎಡಗೈ ಬೆರಳು ಬಲೆಯ ಮೇಲೆ ಓಡುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಬಾಬಾ ಆ ಬೆರಳನ್ನೇ ನೋಡುತ್ತಾ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಮುಗಿದ ಮೇಲೆ ಓಗ್ವೆನೊ ಹೆಡ್‌ಫೋನ್ ತೆಗೆದರು. "ನಿನ್ನ ಎರಡನೇ ತಂತಿಯ ಶ್ರುತಿ ಇಳಿದಿದೆ. ಅವತ್ತೇ ಬಡ್ಕೊಂಡೆ."

"ಇಳಿದಿರಲಿಲ್ಲ!"

"ಮಗಳೇ, ನೀನು ಹೇಳು. ಇಳಿದಿದೆಯೋ ಇಲ್ವೋ?"

ಮತ್ತೆ ಹಾಕಿಕೊಂಡು ಕೇಳಿದೆ. ಇಳಿದಿದೆ. ಹೇಳಿದೆ.

"ನೋಡಿದ್ಯಾ!" ಓಗ್ವೆನೊ ಬಲೆ ಪಕ್ಕಕ್ಕಿಟ್ಟರು. "ನಾಳೆ ಎಷ್ಟು ಗಂಟೆಗೆ?"

ಈಗ ಒಳಗೆ ಕೋಟು ಹುಡುಕುತ್ತಿದ್ದಾರೆ. ಬಾಬಾ ಬಾಗಿಲಲ್ಲಿ ನಿಂತು, ತಂತಿ ಇಳಿದಿರಲಿಲ್ಲ ಎಂದು ಇನ್ನೂ ಕೂಗುತ್ತಿದ್ದಾರೆ. ಮಟಾಟು ಹಾರ್ನ್ ಹೊಡೆಯುತ್ತಿದೆ, ಇವರಿಬ್ಬರಿಗೂ ಕೇಳಿಸುತ್ತಿಲ್ಲ, ನಾನೇ ಹೋಗಿ ಅದನ್ನು ನಿಲ್ಲಿಸಬೇಕು—