ಕೊಳೆಯುವ ದಾರದ ಕಿಟಕಿ

ಮಂಗಳವಾರ, ಏಳನೆಯ ತಾರೀಕು

ಪ್ರೀತಿಯ ಅಮ್ಮನಿಗೆ,

ನಿನ್ನ ಮೊಂಡಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ಏಳಲಿಲ್ಲ. ಮೂರು ದಿನದಿಂದ ಊಟ ಸೇರುತ್ತಿಲ್ಲ. ಆಫೀಸಿನ ಜವಾನ ಯಾರನ್ನು ಕರೆದರೂ ನನ್ನನ್ನೇ ಎಂದು ಎದ್ದು ನಿಲ್ಲುತ್ತೇನೆ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ ಅನ್ನುತ್ತಿದ್ದೆಯಲ್ಲ, ಹಾಗಾಗಿದೆ. ನನಗೆ ತುಂಬಾ ಭಯ ಅಮ್ಮ.

ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ನನ್ನ ಕೆಲಸ ನಿನಗೆ ಗೊತ್ತು. ದೇಶದಲ್ಲಿ ಮೀನುಗಾರಿಕೆಗೆ ಸಿಕ್ಕ ಪೇಟೆಂಟುಗಳನ್ನು ವರ್ಷಕ್ಕೊಮ್ಮೆ ಎಣಿಸಿ ಪಟ್ಟಿ ಮಾಡುವುದು. ಹತ್ತು ವರ್ಷದಲ್ಲಿ ಅವು ಮೂರು ಪಟ್ಟಾಗಿವೆ. ಮೀನಿನ ಮೇವು, ತಣ್ಣಗಿಡುವ ಪೆಟ್ಟಿಗೆ, ಮೀನಿನ ಗುಂಪು ಹುಡುಕುವ ಯಂತ್ರ, ಎಲ್ಲವೂ ಕಂಪನಿಗಳದ್ದು, ಇಲ್ಲವೇ ನಮ್ಮಂಥ ಕೇಂದ್ರಗಳದ್ದು. ಬಲೆ, ಬೋನು ಹೆಣೆಯುವವರ ಸಾಲಿನಲ್ಲಿ ಮಾತ್ರ ಪ್ರತಿ ವರ್ಷ ಸೊನ್ನೆ. ಅದನ್ನು ನೋಡಿ ನೋಡಿ ಹೊಟ್ಟೆ ಉರಿದು, ನಿನ್ನ ಕಿಟಕಿಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದೆ.

ಅದೇ, ಏಡಿ ಹಿಡಿಯುವ ಬೋನಿಗೆ ನೀನು ಹತ್ತಿ ದಾರದಿಂದ ಕಟ್ಟುವ ಕಿಟಕಿ. ನಮ್ಮನೆ ಬೋನು ಬಿಟ್ಟರೆ ಬೇರೆಲ್ಲೂ ನಾನು ಕಂಡಿಲ್ಲ. ಬೋನು ಸಮುದ್ರದಲ್ಲಿ ಕಳೆದುಹೋದರೆ ಸುಮ್ಮಸುಮ್ಮನೆ ಕೊಲ್ತಾ ಬಿದ್ದಿರಬಾರದು, ದಾರ ಕೊಳೆತು ಕಿಟಕಿ ಬಿಚ್ಕೊಳ್ಳಲಿ, ಏಡಿ ಬದುಕ್ಕೊಳ್ಳಲಿ ಅಂತ ನೀನು ಅನ್ನುತ್ತಿದ್ದೆ.

ಅರ್ಜಿಯಲ್ಲಿ ಕಂಡುಹಿಡಿದವರ ಜಾಗದಲ್ಲಿ ನನ್ನ ಹೆಸರಿದೆ. ಕೇಂದ್ರದ ಒಳಗಿನವರ ಹೆಸರೇ ಇರಬೇಕಂತೆ, ಮೇಲಿನವರು ಹಾಕಿಸಿದರು. ನಾನೇನು ಮಾಡಲಿ? ನಮ್ಮಿಬ್ಬರಲ್ಲಿ ಯಾರ ಹೆಸರಾದರೇನು ಎಂದುಕೊಂಡೆ.

ಈಗ ಬೋನು ಮಾಡುವ ಕಂಪನಿಯೊಂದು, ಇದು ಇವಳು ಕಂಡುಹಿಡಿದದ್ದಲ್ಲ ಎಂದು ತಕರಾರು ಹಾಕಿದೆ. ಬರುವ ಮಂಗಳವಾರ ವಿಚಾರಣೆ. ನಾನು ಎಲ್ಲರೆದುರು ಕಿಟಕಿ ಕಟ್ಟಿ ತೋರಿಸಬೇಕಂತೆ, ಯಾವ ಕಾಲಕ್ಕೆ ಎಷ್ಟೆಳೆ ದಾರ ಎಂದು ಹೇಳಬೇಕಂತೆ. ಇಪ್ಪತ್ತು ಸಲ ಕಟ್ಟಿದೆ, ಇಪ್ಪತ್ತೂ ಬಿಚ್ಚಿಕೊಂಡವು. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಇದು ಬೇಸಿಗೆಗೆ ನಾಲ್ಕೆಳೆ, ಚಳಿಗೆ ಎರಡೇ ಸಾಕು ಅನ್ನುವವಳು ನೀನು. ನಾನೂ ಕಚ್ಚಿದೆ. ಏನೂ ತಿಳಿಯಲಿಲ್ಲ. ಸುಳ್ಳು ಬಯಲಾದರೆ ಅರ್ಜಿ ಬಿದ್ದುಹೋಗುತ್ತದೆ, ನನ್ನ ಕೆಲಸವೂ ಹೋಗುತ್ತದೆ.

ಒಂದು ಉಪಕಾರ ಮಾಡು. ಗಂಟು ಅರ್ಧ ಹಾಕಿದ್ದೊಂದು, ಮುಕ್ಕಾಲು ಹಾಕಿದ್ದೊಂದು, ಪೂರ್ತಿ ಹಾಕಿದ್ದೊಂದು, ಮೂರು ಕಿಟಕಿ ಕಟ್ಟಿ ಅಂಚೆಯಲ್ಲಿ ಕಳಿಸು. ನೋಡಿಕೊಂಡು ಕಲಿಯುತ್ತೇನೆ. ಯಾರಿಗೂ ಹೇಳಬೇಡ.

ನಿನ್ನ
ಮೊಂಡಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲಿನವರು ಏನನ್ನೂ ಹಾಕಿಸಲಿಲ್ಲ ಅಮ್ಮ. ಅಂಥ ನಿಯಮವೇ ಇಲ್ಲ. ಅರ್ಜಿಯಲ್ಲಿ ಇನ್ನೊಬ್ಬರ ಹೆಸರಿಗೂ ಜಾಗವಿತ್ತು, ಅಲ್ಲಿ ನಾನೇ ಕೈಯಾರೆ ಗೀಟು ಎಳೆದೆ. ಇಲ್ಲಿ ಎಲ್ಲರಿಗೂ ನನ್ನಮ್ಮ ಟೀಚರ್ ಎಂದು ಹೇಳಿಕೊಂಡಿದ್ದೇನೆ. ಕಿಟಕಿ ಕಳಿಸಬೇಡ, ನೀನೇ ಬಾ. ಹೆಸರು ತಿದ್ದುವ ಅರ್ಜಿ ತುಂಬಿಸಿಟ್ಟಿದ್ದೇನೆ, ನಿನ್ನ ಸಹಿಯೊಂದು ಬೇಕು. ವಿಚಾರಣೆಯ ಕೋಣೆಯ ಬಾಗಿಲಲ್ಲಿ ಜವಾನ ಯಾರು ಅಂತ ಕೇಳಿದರೆ, ಬೋನು ಹೆಣೆಯುವವಳು, ಇವಳ ಅಮ್ಮ ಅನ್ನು. ನೀನು ಬಾರದಿದ್ದರೂ ಒಳಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಬಾ ಅಮ್ಮ, ಒಬ್ಬಳೇ ಹೇಳಲು ಭಯ.