ಅರಿಶಿನ ಹತ್ತಿದ ತಂತಿ

ಮುಂಬೈ
18 ಜುಲೈ 2025

ನನ್ನ ಮುದ್ದು ಜಯಕುಮಾರ್ ಸಾಹೇಬರಿಗೆ,

ಎಂಟಕ್ಕೆ ಎಂಟೂ ತಂತಿ ಪ್ಲಾಸ್ಮಾ ಆದವು ರೀ! ಇಡೀ ಲ್ಯಾಬಿನವರ ಮುಂದೆ ಕುಣಿದುಬಿಟ್ಟೆ! ಹದಿನೈದು ದಿನ ಒಂದಕ್ಷರ ಬರೆಯಲಿಲ್ಲವೆಂದು ಬೈಯಬೇಡಿ. ಇದೇ ಕೊನೆಯ ಪ್ರಯೋಗ, ಬಂದಮೇಲೆ ಕೆಲಸ ಬಿಡುತ್ತೇನೆ ಎಂದು ಮಾತು ಕೊಟ್ಟು ಬಂದವಳಿಗೆ ಸೋತ ಸುದ್ದಿ ಬರೆಯಲು ಕೈ ಬರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ನಿಮ್ಮ ಸೋಂಪುರದ ಫ್ಯಾಕ್ಟರಿ ಸದ್ದಿನಲ್ಲಿ ನಿಮಗೆ ಕೇಳಿಸುವುದು 'ಊಟ ಆಯ್ತಾ' ಒಂದೇ!

ನಮ್ಮ ಕೆಲಸ ಇಷ್ಟೇ. ಕೂದಲಿಗಿಂತ ತೆಳ್ಳಗಿನ ಅಲ್ಯೂಮಿನಿಯಂ ತಂತಿಗಳಿಗೆ, ಕೂಡಿಟ್ಟ ವಿದ್ಯುತ್ತನ್ನೆಲ್ಲ ಕಣ್ಣು ಮಿಟುಕಿಸುವುದಕ್ಕಿಂತ ಲಕ್ಷಾಂತರ ಪಟ್ಟು ಬೇಗ ಸುರಿಯಬೇಕು. ಲೋಹ ಚದುರುವ ಮೊದಲೇ ಒಳಗೂ ಹೊರಗೂ ಕಾದು ದಟ್ಟ ಪ್ಲಾಸ್ಮಾ, ಅಂದರೆ ಮಿಂಚಿನ ಹಾಗೆ ಹೊಳೆಯುವ ಕಾದ ಅನಿಲ, ಆಗಬೇಕು. ನಮ್ಮದು ಪ್ರತಿಸಲ ಮೇಲುಮೇಲೆ ಮಿಂಚಿ ಒಳಗೆ ಹಾಗೇ ಉಳಿಯುತ್ತಿತ್ತು. ಹೊರಗೆ ಸೀದು ಒಳಗೆ ಬೇಯದ ರಾಗಿ ರೊಟ್ಟಿ ನೋಡಿ, ಥೇಟ್ ಹಾಗೆ.

ತಪ್ಪು ಯಾರದು ಗೊತ್ತಾ? ನನ್ನದೇ! ಆಷಾಢಕ್ಕೆ ಹೊಸ ಸೊಸೆಯರೆಲ್ಲ ತವರಿಗೆ ಹೋದರೆ ನಾನು ಲ್ಯಾಬಿಗೆ ಹೊರಟೆ. ಅಲ್ಲಿ ಮೈಮೇಲೆ ಚೂರೂ ಲೋಹ ಇರಕೂಡದು ಎಂದಾಗ, ಅತ್ತೆ ತಾಳಿಸರ ತೆಗೆಸಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕಳಿಸಿದ್ದರಲ್ಲ? "ದಿನಾ ಅರಿಶಿನ ಹಚ್ಚಮ್ಮ, ಮರೀಬೇಡ" ಅಂದಿದ್ದರು. ನಾನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಆ ದಾರಕ್ಕೆ ಹಚ್ಚಿ, ಅದೇ ಕೈಯಲ್ಲಿ ಗ್ಲೌಸ್ ಎಳೆದುಕೊಳ್ಳುತ್ತಿದ್ದೆ. ಗ್ಲೌಸಿಗೆ ಹತ್ತಿದ ಜಿಡ್ಡು ತಂತಿಗೂ ಹತ್ತಿತ್ತು. ಅದು ಆವಿಯಾಗಿ ತಂತಿಯ ಸುತ್ತ ಕವಿದು, ವಿದ್ಯುತ್ತೆಲ್ಲ ಆ ಆವಿಯಲ್ಲೇ ಹರಿದುಹೋಗುತ್ತಿತ್ತು.

ನಮ್ಮ ಮೇಲಿನವರಾದ ಹೊಸಕೋಟೆಯ ವಿಜಯ್ ಸರ್ ಸೂಕ್ಷ್ಮದರ್ಶಕದಿಂದ ತಲೆ ಎತ್ತಿ, "ಏನಮ್ಮಾ ಪ್ರಮೋದಾ, ತಂತಿಗೂ ಅರಿಶಿನದ ಶಾಸ್ತ್ರ ಮಾಡ್ಬಿಟ್ಟಿದ್ದೀಯಲ್ಲಾ! ಸೋಬಾನೆನೂ ಹಾಡ್ಬಿಡು!" ಅಂದರು. ನಾಚಿ ಸತ್ತುಹೋದೆ! ಆದರೂ ಅತ್ತೆಯನ್ನು ಕೇಳದೆ ಅರಿಶಿನ ಹಚ್ಚುವುದನ್ನು ಬಿಡಲು ಮನಸ್ಸಾಗದೆ ಫೋನ್ ಮಾಡಿದೆ. "ಅಯ್ಯೋ, ಹಚ್ಚೋದ್ ಬಿಡ್ ಮಗಾ ಅತ್ಲಾಗೆ. ಒಲೆ ಊದೋವಾಗ ನಾನು ಸೆರಗ ಸಿಕ್ಕಿಸ್ಕೊಳಲ್ವಾ? ಹಂಗೇ ಇದೂವೆ. ಕೆಲ್ಸ ನೋಡು" ಅಂದರು. ಅತ್ತುಬಿಟ್ಟೆ.

ಹೊಸ ತಂತಿ ಕಟ್ಟಿ, ನಿರ್ವಾತದಲ್ಲಿ ಕಾಯಿಸಿ ಜಿಡ್ಡು ಓಡಿಸಿ, ನಿನ್ನೆ ಗುಂಡಿ ಒತ್ತಿದೆವು. ಆ ಕ್ಷಣಕ್ಕೆ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಬೇಯದ ಎಳೆ ಒಂದೂ ಇರಲಿಲ್ಲ! "ಇನ್ನೆರಡು ವರ್ಷ ಇದು ನಿನ್ ಪ್ರಯೋಗ, ಒಪ್ಕೋ" ಅಂದರು ಸರ್. ತಿಂಗಳಿಗೆ ಹತ್ತು ದಿನ ಇಲ್ಲಿ, ಉಳಿದದ್ದು ನಮ್ಮೂರು ಮಧುರೆಯ ಮನೆಯಿಂದಲೇ. ಹೂಂ ಅನ್ನಲು ಬಾಯಿ ತೆರೆದವಳು ನಿಮಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡೆ. ಶ್ರಾವಣದ ಮೊದಲ ಸೋಮವಾರ ಉತ್ತರ ಕೊಡಬೇಕು.

ಅತ್ತೆ ಮಾವನಿಗೆ ನಮಸ್ಕಾರ. ಮಳೆಯಲ್ಲಿ ಬೈಕ್ ನಿಧಾನ. ದೇವರು ನಿಮ್ಮನ್ನು ನನಗಾಗಿ ಚೆನ್ನಾಗಿಟ್ಟಿರಲಿ.

ಎಂದೆಂದಿಗೂ ನಿಮ್ಮವಳು,
ಪ್ರಮೋದಾ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಕೆಲಸ ಬಿಡು ಎಂದು ನೀವು ಕೇಳಿರಲಿಲ್ಲ. ಹೊರಡುವ ದಿನ ಪ್ಲಾಟ್‌ಫಾರಂ ಮೇಲೆ ನಾನೇ "ಬಿಟ್ಬಿಡ್ತೀನಿ ಕಣ್ರೀ" ಅಂದೆ. "ಯಾಕೆ ಬಿಡ್ತೀಯ, ಹುಚ್ಚಿ" ಅನ್ನುತ್ತೀರೆಂದು ಕಾದೆ. ನೀವು "ಸರಿ, ನಿನ್ನಿಷ್ಟ" ಎಂದು ಬ್ಯಾಗ್ ಕೈಗೆ ಕೊಟ್ಟಿರಿ. ಅದೊಂದು ಇನ್ನೂ ಚುಚ್ಚುತ್ತಿದೆ. ಇನ್ನೊಂದು ಸಲ ಕಾಯುತ್ತೇನೆ, ಎದುರಿಗೇ ಹೇಳಿ. ಜುಲೈ 26, ಶನಿವಾರ ಬೆಳಗ್ಗೆ, ಉದ್ಯಾನ್ ಎಕ್ಸ್‌ಪ್ರೆಸ್, ಯಲಹಂಕ.