ಬೇಡವೆಂದ ಸೇನಾಪತಿ

ಝಾವೋ ರಾಜಧಾನಿ, ಉತ್ತರ ಬಾಗಿಲ ಬೀದಿ
ಹತ್ತನೆಯ ತಿಂಗಳು, ಮೊದಲ ಹಿಮ ಬಿದ್ದ ಮರುದಿನ

ಮುದ್ದಿನ ಮಗ ಯಾನ್‌ಗೆ, ಅಮ್ಮನ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಗಡಿಯ ಗಾಳಿ ಎದೆಗೆ ಒಳ್ಳೆಯದಲ್ಲ. ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯೋ, ಪಹರೆಯವರಿಗೆ ಯಾರಿಗೋ ಕೊಟ್ಟುಬಿಟ್ಟೆಯೋ? ನಿಮ್ಮಪ್ಪನ ಮಗ ತಾನೇ, ಕೊಟ್ಟೇ ಇರುತ್ತೀಯ. ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬೇರೊಂದು ಸುದ್ದಿ ಬರೆಯಬೇಕು, ಕೈ ಓಡುತ್ತಿಲ್ಲ. ಎಲ್ಲಾದರೂ ಕುಳಿತುಕೊಂಡು ಓದು.

ನಿಮ್ಮಪ್ಪ ಹೋಗಿಬಿಟ್ಟರು. ಕಾಯಿಲೆಯಿಂದಲ್ಲ. ಅರಸರು ಪೆಟ್ಟಿಗೆಯಲ್ಲಿ ಕತ್ತಿ ಕಳಿಸಿದರು. ಅದು ಬಂದ ಮೇಲೆ ತನ್ನ ಕೈಯಾರೆ ಪ್ರಾಣ ತೆಗೆದುಕೊಳ್ಳಬೇಕೆಂದು ಈ ದೇಶದ ಸೇನಾಪತಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸೈನ್ಯದ ಕುದುರೆಗಳಿಗೆ ಹುಲ್ಲು ಹಾಕುವವನನ್ನು ಮದುವೆಯಾಗುತ್ತೇನೆ ಎಂದಾಗ ನಿನ್ನ ತಾತ ನನ್ನೊಡನೆ ಮಾತು ಬಿಟ್ಟಿದ್ದರು. ಅದೇ ಅಳಿಯ ಹೆಪ್ಪುಗಟ್ಟಿದ ನದಿ ದಾಟಿ ಚಿನ್ ಸೈನ್ಯವನ್ನು ಓಡಿಸಿ ಬಂದ ದಿನ ಕೋಟೆ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ನಿಂತವರೂ ಅವರೇ. ಕುದುರೆಗಳ ಗೊರಸಿಗೆ ಹುಲ್ಲು ಸುತ್ತಿ ಮಂಜುಗಡ್ಡೆಯ ಮೇಲೆ ಸದ್ದಿಲ್ಲದೆ ನಡೆಸುವ ಯೋಚನೆ, ಲಾಯದಲ್ಲಿ ಬೆಳೆದವರಿಗಲ್ಲದೆ ಇನ್ನಾರಿಗೆ ಬರಬೇಕು? ಅವತ್ತು ನನಗೂ ಜಂಬ ಬಂದಿತ್ತು, ಸುಳ್ಳೇಕೆ ಹೇಳಲಿ.

ಗೆದ್ದ ಸೇನಾಪತಿ ಅರಸರೆದುರು ಮೊಣಕಾಲೂರಿ ಹೊಲ ಕೊಡಿ, ತೋಟ ಕೊಡಿ, ಮೀನಿನ ಕೊಳ ಕೊಡಿ ಎಂದು ನಾಚಿಕೆ ಬಿಟ್ಟು ಕೇಳುವುದು ಇಲ್ಲಿ ನಡೆದುಬಂದದ್ದು. ಸೈನ್ಯ ಕೈಯಲ್ಲಿರುವವನ ಆಸೆ ಒಂದು ಕೊಳಕ್ಕೆ ಮುಗಿಯುತ್ತದೆಂದು ತಿಳಿದರೆ ಅರಸರಿಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಕೇಳಿ, ಕೇಳಿ ಎಂದು ನಾನು ಬಾಯಿ ಬಡಿದುಕೊಂಡೆ. ನಿಮ್ಮಪ್ಪ ನಕ್ಕರು. ಅರಸರು ಕೊಡಲು ಬಂದಾಗಲೆಲ್ಲ ಬೇಡ ಎಂದರು, ಸತ್ತ ಸೈನಿಕರ ಹೆಂಡಿರಿಗೆ ಕೊಡಿ ಎಂದರು. ಬೀದಿಯ ಜನ ಅರಸರ ರಥಕ್ಕಿಂತ ನಿಮ್ಮಪ್ಪನ ಕುದುರೆಗೆ ಹೆಚ್ಚು ಬಗ್ಗತೊಡಗಿದರು. ಆಗ ಮಂತ್ರಿ ಫೇ ಲೂ ಅರಸರ ಕಿವಿ ಕಚ್ಚಿದ. “ಹೊಲಾನೂ ಬೇಡ, ಮನೇನೂ ಬೇಡ ಅಂತಾನಲ್ಲ, ಮತ್ತೆ ಇವನ ಕಣ್ಣು ಯಾವುದರ ಮೇಲಿದೆ ಅಂತ ತಾವೇ ಯೋಚನೆ ಮಾಡಿ.” ಅಷ್ಟೇ ಸಾಕಾಯಿತು. ಸೈನ್ಯ ನಡೆಸುವ ಅಧಿಕಾರದ ಗುರುತಾದ ಕಂಚಿನ ಹುಲಿಯನ್ನು ಮೊದಲು ವಾಪಸು ತೆಗೆದುಕೊಂಡರು. ಆಮೇಲೆ ಪೆಟ್ಟಿಗೆ ಬಂತು.

ಕೊನೆಗೆ ನಿಮ್ಮಪ್ಪ ನಮ್ಮ ಮುದಿ ಕುದುರೆಗೆ ಹುಲ್ಲು ಹಾಕಿ, ಕೈ ತೊಳೆದುಕೊಂಡು ಒಳಗೆ ಬಂದರು. “ನೀನು ಹೇಳ್ದಂಗೆ ಒಂದು ಕೊಳ ಕೇಳ್ಬೇಕಿತ್ತು ಕಣೇ. ಮೀನಾದ್ರೂ ತಿಂತಿದ್ವಿ” ಎಂದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವರ ಮೈ ತೊಳೆದೆ, ಕೂದಲು ಬಾಚಿದೆ. ಅದು ಇನ್ನೂ ಇಳಿದಿಲ್ಲ ಮಗನೇ.

ಈ ಓಲೆ ಬರೆದ ರೇಷ್ಮೆ ತುಂಡನ್ನು ತರುವವನು ನಮ್ಮ ಅಡುಗೆಯ ಗುವೋ. ಬೂದಿ ಬುಟ್ಟಿ ಹೊತ್ತು ಹಿತ್ತಿಲಿಂದ ಹೊರಡುತ್ತಾನೆ. ಅವನಿಗೆ ಬಿಸಿ ಗಂಜಿ ಕೊಡು. ನಿನ್ನ ಮೈ ಬೆಚ್ಚಗಿರಲಿ, ಆಯಸ್ಸು ಗಟ್ಟಿಯಾಗಿರಲಿ.

ನಿನ್ನ ಅಮ್ಮ,
ವೇಯ್

ಇನ್ನೊಂದು ಮಾತು. ಅಪ್ಪನನ್ನು ಮಣ್ಣು ಮಾಡಲು ಬಾ ಎಂದು ನನ್ನದೇ ಕೈಬರಹದ ಓಲೆ ನಿನಗೆ ಬರುತ್ತದೆ. ಮಂತ್ರಿಯ ಜನ ಮುಂಬಾಗಿಲಲ್ಲಿ ಕುಳಿತಿದ್ದಾರೆ. ಅವರು ಬರೆಸುತ್ತಾರೆ, ನಾನು ಬರೆಯುತ್ತೇನೆ. ಬರಬೇಡ. ಬಂದರೆ ನಿನ್ನನ್ನೂ ಉಳಿಸುವುದಿಲ್ಲ. ತಂದೆಯ ಸಾವಿಗೆ ಬಾರದ ಮಗ ಎಂದು ಊರು ಉಗಿದರೆ ಉಗಿಯಲಿ. ಇವತ್ತೇ ಬೆಟ್ಟ ದಾಟಿ ಕುದುರೆ ಸಾಕುವವರ ಸೀಮೆಗೆ ಹೋಗು. ಸೂತಕದ ನಾರುಬಟ್ಟೆ ತೊಟ್ಟವನನ್ನು, ಮಾಂಸ ಮುಟ್ಟದವನನ್ನು ದಾರಿಯುದ್ದಕ್ಕೂ ಹುಡುಕುತ್ತಾರೆ. ನಾರುಬಟ್ಟೆ ನಾನು ಉಟ್ಟಿದ್ದೇನೆ, ನಿನ್ನ ಪಾಲಿನದೂ ಇದೇ ಎಂದುಕೋ. ನೀನು ಬಣ್ಣದ ಅಂಗಿ ತೊಡು. ಯಾರಾದರೂ ಕುರಿಮಾಂಸ ಬಡಿಸಿದರೆ ಎಲ್ಲರೆದುರು ತಟ್ಟೆ ಚಾಚು, ಇನ್ನಷ್ಟು ಹಾಕಿ ಎನ್ನು. ನಿಮ್ಮಪ್ಪನ ಹಾಗೆ ಬೇಡ ಎನ್ನಬೇಡ.